ಚಳಿಗಾಲದ ಹೂತೋಟ: ಕಾರ್ತಿಕದಿಂದ ಶಿವರಾತ್ರಿವರೆಗಿನ ಕೆಲಸ

ಚಿಕ್ಕಬಳ್ಳಾಪುರ, ಕೋಲಾರ, ದೊಡ್ಡಬಳ್ಳಾಪುರ ಕಡೆಯ ಬಯಲಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣಾಂಶ 12–15 ಡಿಗ್ರಿಗೆ ಇಳಿಯುತ್ತದೆ. ಕೆಲವು ವರ್ಷ ಇನ್ನೂ ಒಂದೆರಡು ಡಿಗ್ರಿ ಕೆಳಗೆ. ಇಷ್ಟು ಚಳಿಗೆ ಹೂವಿನ ಗಿಡ ಸಾಯುವುದಿಲ್ಲ. ತೊಂದರೆ ಬರುವುದು ಉದ್ದವಾಗುವ ರಾತ್ರಿಯಿಂದ ಮತ್ತು ಬೆಳಿಗ್ಗೆ ಎಂಟೂವರೆಯಾದರೂ ಆರದ ಇಬ್ಬನಿಯಿಂದ. ಉದ್ದನೆಯ ರಾತ್ರಿ ಸೇವಂತಿಗೆಯನ್ನು ಗೇಣುದ್ದಕ್ಕೇ ಮೊಗ್ಗಿಗೆ ತರುತ್ತದೆ, ಇಬ್ಬನಿ ಬಿಡಿಸಿದ ಹೂವನ್ನು ಚೀಲದಲ್ಲೇ ಕೊಳೆಸುತ್ತದೆ. ಚಳಿಗಾಲದ ಕೆಲಸದಲ್ಲಿ ಮುಕ್ಕಾಲು ಪಾಲು ಈ ಎರಡನ್ನು ಸಂಭಾಳಿಸುವುದೇ.

ಮುಂದೆ ಬರೆದಿರುವುದು ಅರ್ಧ ಎಕರೆ, ಹೆಚ್ಚೆಂದರೆ ಒಂದು ಎಕರೆಯ, ಮನೆಮಂದಿಯೇ ದುಡಿಯುವ ಬಯಲು ತೋಟಕ್ಕೆ. ಹತ್ತು ಗುಂಟೆ ಸೇವಂತಿಗೆ, ಐದಾರು ಗುಂಟೆ ದುಂಡು ಮಲ್ಲಿಗೆ, ಬದುವಿನ ಪಕ್ಕ ಒಂದೆರಡು ಸಾಲು ಕಾಕಡ ಮಲ್ಲಿಗೆ, ಉಳಿದ ಜಾಗದಲ್ಲಿ ಕನಕಾಂಬರ, ಗುಲಾಬಿ ಎಂದಿಟ್ಟುಕೊಳ್ಳಿ. ಪಾಲಿಹೌಸ್ ಬೆಳೆಯ ಲೆಕ್ಕ ಬೇರೆ, ಅದು ಇಲ್ಲಿಲ್ಲ.

ಮೊದಲು ಪಂಚಾಂಗ ತೆರೆಯಿರಿ

ಜೂನ್–ಜುಲೈನಲ್ಲಿ ನೆಟ್ಟ ಸೇವಂತಿಗೆ ತಾನಾಗಿಯೇ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಅರಳುತ್ತದೆ. ಎಲ್ಲರ ಹೊಲದಲ್ಲೂ ಅದೇ ಸಮಯಕ್ಕೆ ಅರಳುತ್ತದೆ ಎಂಬುದೇ ಸಮಸ್ಯೆ. ದೀಪಾವಳಿ, ಕಾರ್ತಿಕ ಸೋಮವಾರಗಳು ಮುಗಿದ ಮೇಲೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಮದುವೆ, ಗೃಹಪ್ರವೇಶ ಇಲ್ಲ. ದೇವಸ್ಥಾನಗಳ ಬೆಳಗಿನ ಜಾವದ ಪೂಜೆ ಮತ್ತು ವೈಕುಂಠ ಏಕಾದಶಿಗೆ ಹೂವು ಬೇಕು ನಿಜ, ಆದರೆ ಮದುವೆ ಮಂಟಪ ಎತ್ತುವಷ್ಟು ಹೂವನ್ನು ದೇವಸ್ಥಾನ ಎತ್ತುವುದಿಲ್ಲ. ಸಂಕ್ರಾಂತಿ ಕಳೆದು ಮಾಘದ ಮದುವೆಗಳು ಶುರುವಾದಾಗ ಕೇಳುವವರು ಬರುತ್ತಾರೆ, ಅಷ್ಟರಲ್ಲಿ ಹೊಲದ ಹೂವು ಮುಗಿದಿರುತ್ತದೆ.

ಹಾಗಾಗಿ ಒಂದೇ ತಾಕನ್ನು ಒಂದೇ ಸಲ ನೆಡಬೇಡಿ. ಅರ್ಧವನ್ನು ದೀಪಾವಳಿಗೆ ಬಿಡಿ, ಅರ್ಧವನ್ನು ನವೆಂಬರಿನಲ್ಲಿ ನೆಟ್ಟು ಶಿವರಾತ್ರಿ–ಯುಗಾದಿಯ ಕಡೆಗೆ ಎಳೆಯಿರಿ. ನೆಡುವ ದಿನವನ್ನು ಕಳೆದ ವರ್ಷದ ಡೈರಿ ನೋಡಿ ಬರೆದುಕೊಳ್ಳುವುದು ದೊಡ್ಡ ತಪ್ಪು. ಹಿಂದಿನ ಯುಗಾದಿಯಿಂದೀಚೆಗೆ ಅಧಿಕ ಮಾಸ ಬಂದಿದ್ದರೆ ಮುಂದಿನ ಯುಗಾದಿ ಹದಿನೆಂಟು–ಹತ್ತೊಂಬತ್ತು ದಿನ ತಡವಾಗಿ ಬರುತ್ತದೆ, ಬಂದಿರದಿದ್ದರೆ ಹತ್ತು–ಹನ್ನೊಂದು ದಿನ ಬೇಗ ಬರುತ್ತದೆ.

ಸೇವಂತಿಗೆಗೆ ರಾತ್ರಿ ದೀಪ

ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ಕಡೆ ಬಸ್ಸಿನಲ್ಲಿ ಹೋದವರು ಹೊಲದ ತುಂಬಾ ಬಲ್ಬು ಉರಿಯುವುದನ್ನು ನೋಡಿರುತ್ತಾರೆ. ಅದು ಗಿಡಕ್ಕೆ ಬಿಸಿ ಕೊಡಲು ಅಲ್ಲ. ಸೇವಂತಿಗೆ ಎಡೆಬಿಡದ ಕತ್ತಲೆಯ ಉದ್ದ ನೋಡಿ ಮೊಗ್ಗು ಕಟ್ಟುವ ಗಿಡ. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಹನ್ನೊಂದೂಕಾಲು ಗಂಟೆಯ ಆಸುಪಾಸು ಮಾತ್ರ. ಆಗ ನೆಟ್ಟ ಸಸಿ ಬೇರು ಬಿಟ್ಟ ಕೂಡಲೇ ಮೊಗ್ಗು ತಳೆದು, ಗಿಡವೊಂದಕ್ಕೆ ನಾಲ್ಕು ಹೂವು ಕೊಟ್ಟು ಸುಮ್ಮನಾಗುತ್ತದೆ. ನಡುರಾತ್ರಿಯಲ್ಲಿ ಬೆಳಕು ಬಿದ್ದರೆ ಕತ್ತಲೆ ಎರಡು ತುಂಡಾಗುತ್ತದೆ, ಗಿಡ ಮೊಗ್ಗಿನ ಯೋಚನೆ ಬಿಟ್ಟು ಎಲೆ, ಕವಲು ಬೆಳೆಸುತ್ತದೆ.

ಲೆಕ್ಕವನ್ನು ಹಿಂದಿನಿಂದ ಹಾಕಿ. ದೀಪ ನಿಲ್ಲಿಸಿದ ಮೇಲೆ ಮೊದಲ ಕೊಯ್ಲಿಗೆ ತಳಿ ನೋಡಿಕೊಂಡು ಏಳರಿಂದ ಒಂಬತ್ತು ವಾರ ಬೇಕು. ಸಸಿ ನೆಟ್ಟಲ್ಲಿಂದ ದೀಪ ನಿಲ್ಲಿಸುವವರೆಗೆ ಸುಮಾರು 40 ದಿನ. ಮಾರ್ಚ್ 1ಕ್ಕೆ ಹೂವು ಶುರುವಾಗಬೇಕಿದ್ದರೆ ಜನವರಿ 1ರ ಸುಮಾರಿಗೆ ದೀಪ ನಿಲ್ಲಬೇಕು, ನವೆಂಬರ್ 20ರ ಹೊತ್ತಿಗೆ ಸಸಿ ನೆಲದಲ್ಲಿರಬೇಕು. ಪೂರ್ಣಿಮಾ, ಐಶ್ವರ್ಯ, ಸೆಂಟ್ ಎಂದು ಕರೆಯುವ ತಳಿಗಳ ನಡುವೆ ಒಂದೆರಡು ವಾರ ಹಿಂದೆಮುಂದೆ ಇರುತ್ತದೆ. ಸಸಿ ತರುವಾಗಲೇ ನರ್ಸರಿಯವರಲ್ಲಿ ‘ದೀಪ ನಿಲ್ಲಿಸಿದ ಮೇಲೆ ಎಷ್ಟು ದಿನ’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಎರಡು ತಳಿ ನೆಟ್ಟರೆ ಎರಡಕ್ಕೂ ಬೇರೆ ಸ್ವಿಚ್ಚು ಇರಲಿ.

ಹತ್ತು ಗುಂಟೆಗೆ ಬೇಕಾಗುವುದು ಇಷ್ಟು:

1. ಹತ್ತಡಿಗೊಂದು ಬಲ್ಬು. ಒಂದು ಗುಂಟೆ 1,089 ಚದರ ಅಡಿ, ಹತ್ತಡಿಗೆ ಹತ್ತಡಿ ಲೆಕ್ಕದಲ್ಲಿ ಹತ್ತು ಗುಂಟೆಗೆ ಸುಮಾರು 110 ಬಲ್ಬು. 9 ವ್ಯಾಟಿನ ಎಲ್‌ಇಡಿ ಹಾಕಿದರೆ ಒಟ್ಟು ಒಂದು ಕಿಲೋವ್ಯಾಟಿನಷ್ಟು, ನಾಲ್ಕು ಗಂಟೆ ಉರಿದರೆ ರಾತ್ರಿಗೆ ನಾಲ್ಕು ಯೂನಿಟ್. ಬಲ್ಬು ಹಳದಿ ಛಾಯೆಯ ವಾರ್ಮ್ ವೈಟ್ ಇರಲಿ. ಗಿಡ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೆಂಪು ಬೆಳಕನ್ನು, ತಣ್ಣನೆಯ ಬಿಳಿ ಬಲ್ಬಿನಲ್ಲಿ ಅದು ಕಡಿಮೆ.

2. ಇಪ್ಪತ್ತಡಿಗೊಂದು ನೀಲಗಿರಿ ಗಳ, ಅದರ ಮೇಲೆ ಜಿಐ ತಂತಿ, ತಂತಿಗೆ ವೈರು ಕಟ್ಟಿ ಬಲ್ಬು ಕೆಳಮುಖವಾಗಿ ಇಳಿಬಿಡಿ. ನೆಲದಿಂದ ಆರೂವರೆ–ಏಳಡಿ ಎತ್ತರ ಸಾಕು. ಅದಕ್ಕಿಂತ ಕೆಳಗಾದರೆ ಬೆನ್ನಿಗೆ ಪಂಪು ಹೊತ್ತು ಓಡಾಡುವವರ ತಲೆಗೆ ತಾಗುತ್ತದೆ, ಬೆಳಕೂ ವೃತ್ತ ವೃತ್ತವಾಗಿ ಬೀಳುತ್ತದೆ.

3. ಹೋಲ್ಡರಿನೊಳಗೆ ಇಬ್ಬನಿ ನೀರು ಇಳಿಯದಂತೆ ಮೇಲೆ ಟೋಪಿ ಬೇಕು. ನೀರಿನ ಬಾಟಲಿಯ ತಳ ಕತ್ತರಿಸಿ ಕವುಚಿದರೂ ನಡೆಯುತ್ತದೆ. ಬಲ್ಬನ್ನು ಪೂರ್ತಿ ಮುಚ್ಚಬೇಡಿ, ಒಳಗೆ ಕಾವು ಕೂತು ಬೇಗ ಸುಟ್ಟುಹೋಗುತ್ತದೆ.

4. ಮುಖ್ಯ ಲೈನಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಹೊರೆ ಹೆಚ್ಚಾದರೆ ಲೈನು ಕಡಿಯುವ ಎಂಸಿಬಿ, ಜೊತೆಗೆ ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ನಸುಕಿನಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಡೆಯುವ ಜಾಗವಿದು, ಆರ್‌ಸಿಸಿಬಿ ಇಲ್ಲದೆ ಒಂದು ಬಲ್ಬನ್ನೂ ಹಚ್ಚಬೇಡಿ. ಯಾವ ಮೀಟರಿನಿಂದ ಲೈನು ಎಳೆಯಬಹುದು ಎಂಬುದನ್ನು ವಿದ್ಯುತ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಪಂಪ್‌ಸೆಟ್ಟಿನ ಸಂಪರ್ಕ ಪಂಪಿಗೆ ಮಾತ್ರ.

5. ಬ್ಯಾಟರಿ ಇರುವ ಟೈಮರ್. ಬ್ಯಾಟರಿ ಇಲ್ಲದ್ದು ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಮೂರು ಗಂಟೆ ಕರೆಂಟು ಹೋಗಿದ್ದರೆ ಅದರ ಹತ್ತು ಗಂಟೆ ಎಂದರೆ ನಿಜವಾದ ಒಂದು ಗಂಟೆ. ದಿನಕ್ಕಿಷ್ಟು ಹಿಂದೆ ಬೀಳುತ್ತಾ ಕೊನೆಗೆ ಹಗಲಲ್ಲಿ ದೀಪ ಉರಿದು ರಾತ್ರಿ ಕತ್ತಲಾಗಿರುತ್ತದೆ, ಮಲಗಿರುವವರಿಗೆ ಗೊತ್ತೇ ಆಗುವುದಿಲ್ಲ.

ಉರಿಸುವುದು ರಾತ್ರಿ 10ರಿಂದ 2ರವರೆಗೆ. ಸಂಜೆ ಆರರಿಂದ ಹತ್ತರವರೆಗೆ ಉರಿಸಿದರೂ ಹಗಲು ಉದ್ದವಾದಂತೆ ಲೆಕ್ಕ, ಆದರೆ ನಡುರಾತ್ರಿಯಷ್ಟು ಖಚಿತವಾಗಿ ಕೆಲಸ ಮಾಡುವುದಿಲ್ಲ. ಲೈನಿನ ಶಕ್ತಿ ಸಾಲದಿದ್ದರೆ ತಾಕನ್ನು ಎರಡು ಭಾಗ ಮಾಡಿ, 15 ನಿಮಿಷ ಈ ಭಾಗ, 15 ನಿಮಿಷ ಆ ಭಾಗ ಎಂದು ಸರದಿಯಲ್ಲಿ ಉರಿಸಿ. ಬಿಟ್ಟು ಬಿಟ್ಟು ಬಿದ್ದ ಬೆಳಕಿಗೂ ಗಿಡ ಮೋಸಹೋಗುತ್ತದೆ, ಖರ್ಚು ಅರ್ಧ. ಬೆಳಕು ಸಾಕೇ ಎಂದು ನೋಡಲು ನಾಲ್ಕು ಬಲ್ಬುಗಳ ನಟ್ಟನಡುವೆ ಗಿಡದ ಎತ್ತರಕ್ಕೆ ದಿನಪತ್ರಿಕೆ ಹಿಡಿಯಿರಿ. ಸಣ್ಣ ಅಕ್ಷರ ಕಣ್ಣು ಕಿರಿದು ಮಾಡದೆ ಓದಲಾಗಬೇಕು. ಅಂಚಿನ ಸಾಲುಗಳಲ್ಲೇ ಬೆಳಕು ಕಡಿಮೆ ಬೀಳುವುದರಿಂದ ಅಲ್ಲಿ ಬಲ್ಬು ಎಂಟಡಿಗೊಂದು ಹಾಕಿ.

ಸಸಿಯ ನಡುವೆ ಒಂದಡಿಗೆ ಒಂದಡಿ. ಓಡಾಡುವ ಜಾಗ ಕಳೆದು ಗುಂಟೆಗೆ ಎಂಟು–ಒಂಬೈನೂರು ಸಸಿ ಹಿಡಿಯುತ್ತದೆ. ನೆಟ್ಟ ರಾತ್ರಿಯಿಂದಲೇ ದೀಪ ಶುರು. ‘ಬೇರು ಹಿಡಿಯಲಿ, ಆಮೇಲೆ ನೋಡೋಣ’ ಎಂದರೆ ಆ ಒಂದು ವಾರದಲ್ಲೇ ತುದಿಯಲ್ಲಿ ಮೊಗ್ಗು ಹುಟ್ಟಿರುತ್ತದೆ. 20–25ನೇ ದಿನ ಕುಡಿ ಚಿವುಟಿ: ತುದಿಯ ಒಂದಿಂಚು, ಎರಡು ಬೆರಳಲ್ಲಿ, ಕತ್ತರಿ ಬೇಡ. ಬೆಳಿಗ್ಗೆ ಚಿವುಟಿದರೆ ಕಾಂಡ ಗಟ್ಟಿಯಾಗಿದ್ದು ಪಟಕ್ಕನೆ ಮುರಿಯುತ್ತದೆ, ಮಧ್ಯಾಹ್ನ ಬಾಡಿದ ಕುಡಿ ಸೀಳುತ್ತದೆ. ಚಿವುಟಿದ ಮೇಲೆ ಒಡೆದ ಕವಲುಗಳು ನಾಲ್ಕೈದು ಇಂಚಾದಾಗ ದೀಪ ನಿಲ್ಲಿಸಿ. ತಾರೀಕಿಗಿಂತ ಈ ಗುರುತನ್ನು ನಂಬಿ. ಚಳಿ ಜೋರಿದ್ದ ವರ್ಷ ಕವಲು ನಿಧಾನ, ಆಗ 40 ದಿನ 45 ಆಗುತ್ತದೆ.

ಎಡವುವುದು ಸಾಮಾನ್ಯವಾಗಿ ಎಲ್ಲಿ? ಒಂದು ರಾತ್ರಿ ಕರೆಂಟು ಇಲ್ಲದಿದ್ದರೆ ಗಿಡಕ್ಕೆ ಏನೂ ಆಗುವುದಿಲ್ಲ. ಸತತ ಮೂರ್ನಾಲ್ಕು ರಾತ್ರಿ ತಪ್ಪಿದರೆ ಮೊಗ್ಗು ಶುರುವಾಗುತ್ತದೆ, ಮತ್ತೆ ದೀಪ ಹಾಕಿದಾಗ ಆ ಮೊಗ್ಗು ಅರೆಬರೆ ಉಳಿದು ಕುಡಿಯಲ್ಲಿ ಪಟ್ಟಿಯಂಥ ಸಣ್ಣ ಎಲೆಗಳು ಬರುತ್ತವೆ. ಅಂಥ ಕುಡಿ ಕಂಡರೆ ಅದನ್ನು ಚಿವುಟಿ ಹಾಕಿ ಕೆಳಗಿನ ಕವಲನ್ನು ನಂಬುವುದೇ ಸರಿ. ಇನ್ನೊಂದು ಇದಕ್ಕೆ ತಿರುಗಾಮುರುಗಾ: ದೀಪ ನಿಲ್ಲಿಸಿದ ಮೇಲೂ ಒಂದು ಮೂಲೆ ಹಸಿರಾಗೇ ನಿಂತಿರುತ್ತದೆ, ಹೂವೇ ಇಲ್ಲ. ಗೊಬ್ಬರ ಬದಲಾಯಿಸುವ ಮುಂಚೆ ರಾತ್ರಿ ಹೋಗಿ ನೋಡಿ, ಬೀದಿದೀಪವೋ ಪಕ್ಕದ ಹೊಲದ ಬಲ್ಬೋ ಆ ಮೂಲೆಗೆ ಬೀಳುತ್ತಿರುತ್ತದೆ. ಪಕ್ಕದವರೂ ದೀಪ ಹಾಕುವವರಾದರೆ ಬದುವಿನ ಮೇಲೆ ಕಪ್ಪು ಶೇಡ್‌ನೆಟ್ಟನ್ನು ಎರಡು ಪದರ ಕಟ್ಟಬೇಕಾಗುತ್ತದೆ. ಬೆಳಕಿಗೆ ಪತಂಗವೂ ಬರುತ್ತದೆ, ಅದು ಇಟ್ಟ ಮೊಟ್ಟೆಯಿಂದ ಮೊಗ್ಗು ಕೊರೆಯುವ ಹುಳು. ದೀಪ ಹಾಕಿದ ತಾಕಿನಲ್ಲಿ ವಾರಕ್ಕೆರಡು ಸಲ ಎಲೆಯ ಅಡಿ, ಕುಡಿಯ ಸಂದು ನೋಡುವ ಅಭ್ಯಾಸ ಇರಲಿ.

ಇಬ್ಬನಿ, ಕೊಯ್ಲು, ಚೀಲ

ಬೇಸಿಗೆಯಂತೆ ಬೆಳಿಗ್ಗೆ ಐದಕ್ಕೆ ಸೇವಂತಿಗೆ ಬಿಡಿಸಿ ಚೀಲಕ್ಕೆ ತುಂಬಿದರೆ ಚಳಿಗಾಲದಲ್ಲಿ ಕೆಟ್ಟಿರಿ ಎಂದೇ ಅರ್ಥ. ಎಸಳ ಸಂದಿನಲ್ಲಿ ಕೂತ ನೀರು ಚೀಲದೊಳಗೆ ಆರುವುದಿಲ್ಲ, ಹೂವು ಉಸಿರಾಡಿ ಒಳಗೆ ಬಿಸಿಯಾಗುತ್ತದೆ. ಮಂಡಿಯಲ್ಲಿ ಚೀಲ ಸುರಿದಾಗ ಮೇಲಿನವು ಚೆನ್ನಾಗಿದ್ದು ನಡುವಿನವು ಕಂದು ತಿರುಗಿರುತ್ತವೆ. ಖರೀದಿದಾರ ಕೈ ಹಾಕುವುದು ನಡುವಿಗೇ.

ಹಿಂದಿನ ದಿನ ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಬಿಡಿಸಿ. ಹೊರಗಿನ ಎಸಳು ಪೂರ್ತಿ ಬಿಚ್ಚಿ, ನಡುವಿನ ಬೊಟ್ಟು ಇನ್ನೂ ಬಿಗಿಯಾಗಿ ಹಸಿರು ಛಾಯೆಯಲ್ಲಿರುವ ಹೂವು ಬೇಕು. ನಡು ಹಳದಿ ಪುಡಿ ಉದುರಿಸುತ್ತಿದ್ದರೆ ಮರುದಿನಕ್ಕೆ ಎಸಳು ಬಿಡುತ್ತದೆ. ತೊಟ್ಟು ಅರ್ಧ ಇಂಚಿಗಿಂತ ಉದ್ದ ಬೇಡ, ಚೀಲದಲ್ಲಿ ಪಕ್ಕದ ಹೂವಿಗೆ ಚುಚ್ಚುತ್ತದೆ. ಮನೆಗೆ ತಂದು ಗಾಳಿಯಾಡುವ ಚಾವಣಿಯಡಿ, ಒಗೆದು ಒಣಗಿಸಿದ ಬಟ್ಟೆಯ ಮೇಲೆ ಮೂರ್ನಾಲ್ಕು ಇಂಚಿನ ಪದರವಾಗಿ ಹರಡಿ. ನೀರು ಚಿಮುಕಿಸುವ ಅಭ್ಯಾಸ ಚಳಿಗಾಲದಲ್ಲಿ ಬಿಡಿ. ನಸುಕಿನ ಎರಡು–ಮೂರು ಗಂಟೆಗೆ ಗಾಡಿ ಬರುವ ಮುಂಚೆ ಗೋಣಿಚೀಲಕ್ಕೆ ತುಂಬಿ, ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಚೀಲವನ್ನು ಒದ್ದು, ಅದುಮಿ ತುಂಬಿದರೆ ತೂಕ ಒಂದೇ, ಜಖಂ ಮಾತ್ರ ಹೆಚ್ಚು.

ಸಂಜೆಗೆ ಆಳು ಸಿಗದೆ ಬೆಳಿಗ್ಗೆಯೇ ಬಿಡಿಸಬೇಕಾದರೆ ಬಿಸಿಲು ಬಿದ್ದು ಹೂವು ಕೈಗೆ ಒಣಗಿ ಹತ್ತುವವರೆಗೆ ಕಾದು, ಆ ಹೂವನ್ನು ಚಿಕ್ಕಬಳ್ಳಾಪುರದಂಥ ಹತ್ತಿರದ ಮಾರುಕಟ್ಟೆಗೋ ಮಾರು ಕಟ್ಟುವವರಿಗೋ ಕೊಡಿ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ವ್ಯಾಪಾರ ನಸುಕಿನಲ್ಲೇ ಮುಗಿದಿರುತ್ತದೆ.

ಮನೆಯಲ್ಲೇ ಕಟ್ಟಿ ಮಾರು ಲೆಕ್ಕದಲ್ಲಿ ಮಾರುವವರಿಗೆ ಧನುರ್ಮಾಸ ಅಷ್ಟೇನೂ ಕೆಟ್ಟದ್ದಲ್ಲ, ಬಿಡಿಹೂವಿನ ದರ ಬಿದ್ದಷ್ಟು ಕಟ್ಟಿದ ಹೂವಿನ ದರ ಬೀಳುವುದಿಲ್ಲ. ಬಾಳೆನಾರನ್ನು ನೆನೆಸಿ ಹಿಂಡಿ ಬಳಸಿ, ಒಣ ಗಾಳಿಗೆ ಅರ್ಧ ಗಂಟೆಯಲ್ಲೇ ಮತ್ತೆ ಬಿರುಸಾಗುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿರಬೇಕು.

ನೀರು ಮತ್ತು ರೋಗ

ಚಳಿಗಾಲದಲ್ಲಿ ನೀರು ಕೊಡುವುದು ಬೆಳಿಗ್ಗೆ ಮಾತ್ರ, ಅದೂ ಬುಡಕ್ಕೆ. ತುಂತುರು ಪೈಪನ್ನು ಸುತ್ತಿ ಒಳಗಿಡಿ. ಬೇಸಿಗೆಯ ಲೆಕ್ಕದಲ್ಲೇ ಡ್ರಿಪ್ ಬಿಟ್ಟರೆ ಸೇವಂತಿಗೆಯ ಬೇರು ಕೊಳೆಯುತ್ತದೆ: ಮಧ್ಯಾಹ್ನ ಗಿಡ ಬಾಡಿದಂತೆ ಕಾಣುತ್ತದೆ, ನೋಡಿದವರು ಇನ್ನಷ್ಟು ನೀರು ಬಿಡುತ್ತಾರೆ, ವಾರದಲ್ಲಿ ಸಾಲು ಸಾಲು ಹೋಗುತ್ತದೆ. ಬಾಡಿದ ಗಿಡದ ಬುಡದಿಂದ ಮೂರಿಂಚು ಆಳದ ಮಣ್ಣು ತೆಗೆದು ಮುಷ್ಟಿ ಕಟ್ಟಿ. ಉಂಡೆ ನಿಂತರೆ ನೀರು ಬೇಡ, ಪುಡಿಯಾದರೆ ನೀರು ಕೊಡಿ.

ಎಲೆಚುಕ್ಕೆ ಕೆಳಗಿನ ಎಲೆಯಿಂದ ಮೇಲಕ್ಕೆ ಹತ್ತುತ್ತದೆ. ನೆಲಕ್ಕೆ ತಾಗುವ ಎಲೆಗಳನ್ನು ಕಿತ್ತು ಹೊಲದಿಂದಾಚೆ ಹಾಕಿದರೆ ಅರ್ಧ ರೋಗ ಅಲ್ಲಿಗೇ ನಿಲ್ಲುತ್ತದೆ. ಉಳಿದದ್ದಕ್ಕೆ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ, ಇಬ್ಬನಿ ಆರಿದ ಮೇಲೆ ಹೊಡೆಯಿರಿ. ಹೆಚ್ಚು ಭಯಪಡಬೇಕಾದದ್ದು ಬಿಳಿ ತುಕ್ಕು. ಎಲೆಯ ಮೇಲ್ಗಡೆ ತಿಳಿಹಳದಿ ಚುಕ್ಕೆ, ಮಗುಚಿದರೆ ಅದೇ ಜಾಗದಲ್ಲಿ ಬಿಳಿ ಅಥವಾ ನಸುಗುಲಾಬಿ ಗುಳ್ಳೆ. ತಂಪು ಮತ್ತು ತೇವ ಇದಕ್ಕೆ ಬಲು ಇಷ್ಟ. ಮೊದಲು ಕಂಡ ಗಿಡಗಳನ್ನು ಅಲುಗಾಡಿಸದೆ ಚೀಲದೊಳಗೆ ಹಾಕಿ ಕಿತ್ತು ಸುಡಿ, ಔಷಧಿಯ ಮಾತು ಆಮೇಲೆ. ಅಂಥ ತೋಟದಿಂದ ಸಸಿಯನ್ನು ಯಾರಿಗೂ ಕೊಡಬೇಡಿ, ತರಲೂಬೇಡಿ.

ಕಪ್ಪು ಹೇನು ಕುಡಿಯಲ್ಲಿ ಮುತ್ತುವುದು ಮೊಗ್ಗು ಬರುವ ಹೊತ್ತಿಗೆ. ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪು, ಐದಾರು ದಿನ ಬಿಟ್ಟು ಇನ್ನೊಮ್ಮೆ. ಮೊಗ್ಗು ಬಣ್ಣ ತೋರಿದ ಮೇಲೆ ಎಣ್ಣೆ ಬೇಡ, ಎಸಳಿಗೆ ಕಲೆ ಬೀಳುತ್ತದೆ.

ಮಲ್ಲಿಗೆ ಸವರುವುದು

ದುಂಡು ಮಲ್ಲಿಗೆಗೆ ಚಳಿಗಾಲ ವಿಶ್ರಾಂತಿ. ಮಾರ್ಚಿನಿಂದ ಬರುವ ಹೂವು ಎಷ್ಟು ಎಂಬುದು ನವೆಂಬರ್ ಕೊನೆಯ ವಾರದಲ್ಲಿ ನಿಶ್ಚಯವಾಗುತ್ತದೆ. ನವೆಂಬರ್ ಎರಡನೇ ವಾರದಿಂದ ನೀರು ನಿಲ್ಲಿಸಿ, ಎಲೆ ಹಳದಿಯಾಗಿ ಉದುರಲು ಬಿಡಿ. ನಡುವೆ ಹಿಂಗಾರು ಮಳೆ ಸುರಿದು ಹೊಸ ಚಿಗುರು ಬಂದರೆ ಒಂದು ವಾರ ತಡೆಯಿರಿ.

ಪೊದೆಯನ್ನು ಹಗ್ಗದಿಂದ ಒಟ್ಟಾಗಿ ಬಿಗಿದು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ. ಕುಡುಗೋಲಿನಲ್ಲಿ ಕೊಚ್ಚಿದರೆ ಕೊಂಬೆ ಸೀಳಿ ಒಣರೋಗ ಒಳಗಿಳಿಯುತ್ತದೆ, ಹರಿತವಾದ ಸಿಕೇಚರ್ (ಗಿಡ ಸವರುವ ಕತ್ತರಿ) ಬೇಕು. ಹಗ್ಗ ಬಿಚ್ಚಿದ ಮೇಲೆ ಒಣಗಿದ್ದು, ಪೆನ್ಸಿಲಿಗಿಂತ ಸಣ್ಣದು, ಒಂದಕ್ಕೊಂದು ಉಜ್ಜುವುದು ಎಲ್ಲ ತೆಗೆಯಿರಿ. ದಪ್ಪ ಗಾಯಗಳಿಗೆ ಕಾಪರ್ ಆಕ್ಸಿಕ್ಲೋರೈಡನ್ನು ಗಟ್ಟಿಯಾಗಿ ಕಲಸಿ ಬಳಿಯಿರಿ. ಬುಡದಿಂದ ಒಂದಡಿ ದೂರಕ್ಕೆ ಸುತ್ತಲೂ ಅಗೆದು ಗಿಡಕ್ಕೆ 10 ಕಿಲೋ ಕೊಟ್ಟಿಗೆ ಗೊಬ್ಬರ, 65 ಗ್ರಾಂ ಯೂರಿಯಾ, 375 ಗ್ರಾಂ ಸೂಪರ್ ಫಾಸ್ಫೇಟ್, 100 ಗ್ರಾಂ ಪೊಟ್ಯಾಷ್ ಹಾಕಿ ಮುಚ್ಚಿ ನೀರು ಬಿಡಿ. ಇದು ವರ್ಷದ ಅರ್ಧ, ಉಳಿದರ್ಧ ಜೂನ್–ಜುಲೈಗೆ. ಗೊಬ್ಬರ ಪೂರ್ತಿ ಕಳಿತಿರಬೇಕು, ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಬಂದು ಬೇರು ತಿನ್ನುತ್ತದೆ.

ಇರುವ ಗಿಡಗಳನ್ನೆಲ್ಲ ಒಂದೇ ದಿನ ಸವರಬೇಡಿ. ಅರ್ಧ ನವೆಂಬರ್ ಕೊನೆಗೆ, ಅರ್ಧ ಮೂರು ವಾರ ಬಿಟ್ಟು. ಮನೆಯ ಕೈಗಳು ಎಷ್ಟು ಮೊಗ್ಗು ಬಿಡಿಸಬಲ್ಲವೋ ಅಷ್ಟೇ ಅಲ್ಲವೇ ಆದಾಯ. ಒಂದೇ ಸಲ ಮುತ್ತಿದ ಮೊಗ್ಗು ಗಿಡದಲ್ಲೇ ಅರಳಿ ವ್ಯರ್ಥವಾಗುತ್ತದೆ. ಹೊಸ ಚಿಗುರಿನಲ್ಲಿ ನರ ಹಸಿರಾಗಿದ್ದು ಎಲೆ ಬೆಳ್ಳಗಾದರೆ ಕಬ್ಬಿಣದ ಕೊರತೆ, ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಇದು ಮಾಮೂಲು. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಹದಿನೈದು ದಿನಕ್ಕೊಮ್ಮೆ, ಎಲೆ ಹಸಿರಾಗುವವರೆಗೆ. ಸೂಜಿಮಲ್ಲಿಗೆ ಇದ್ದರೆ ಅದಕ್ಕೆ ಈಗ ಕತ್ತರಿ ಬೇಡ, ಜನವರಿ ಕೊನೆಯ ವಾರ ಸಾಕು.

ತಾಯಿ ಗಿಡ

ಮುಂದಿನ ಮಳೆಗಾಲದ ಸೇವಂತಿಗೆ ಸಸಿಯನ್ನು ಹಣ ಕೊಟ್ಟು ತರಬೇಕೇ ಬೇಡವೇ ಎಂಬುದು ಈಗಿನ ಕೆಲಸದ ಮೇಲಿದೆ. ಗಿಡದಲ್ಲಿ ಹೂವು ಇರುವಾಗಲೇ ಒಳ್ಳೆಯ ಗಿಡಗಳಿಗೆ ಕೆಂಪು ದಾರ ಕಟ್ಟಿ: ತುಂಬಿದ ಹೂವು, ಗಟ್ಟಿ ತೊಟ್ಟು, ಚುಕ್ಕೆಯಿಲ್ಲದ ಎಲೆ. ಹೂವು ಮುಗಿದ ಮೇಲೆ ಎಲ್ಲ ಗಿಡವೂ ಒಂದೇ ಥರ ಕಾಣುತ್ತದೆ. ಕೊಯ್ಲು ಮುಗಿದ ಕೂಡಲೇ ದಾರ ಕಟ್ಟಿದ ಗಿಡಗಳನ್ನು ನಾಲ್ಕರಿಂದ ಆರಿಂಚಿಗೆ ಕತ್ತರಿಸಿ, ಮಣ್ಣು ಸಡಿಲಿಸಿ ಹಿಡಿಯಷ್ಟು ಬೇವಿನ ಹಿಂಡಿ ಕೊಡಿ. ಬುಡದಿಂದ ಎದ್ದ ಕಂದುಗಳನ್ನು ಬೇರು ಸಮೇತ ಬಿಡಿಸಿ, ಈ ವರ್ಷ ಸೇವಂತಿಗೆ ಬೆಳೆಯದ ನೆಲದಲ್ಲಿ ಮಡಿ ಮಾಡಿ ನೆಡಿ. ಬೇಸಿಗೆಯಲ್ಲಿ ಮಡಿಗೆ ಮಧ್ಯಾಹ್ನದ ನೆರಳು ಬೇಕು. ಏಪ್ರಿಲ್–ಮೇಯಲ್ಲಿ ಅದರ ಎಳೆ ಕುಡಿಗಳನ್ನು ಎರಡು–ಎರಡೂವರೆ ಇಂಚು ಕತ್ತರಿಸಿ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಇಟ್ಟರೆ ಮೂರು ವಾರಕ್ಕೆ ಬೇರು ಬರುತ್ತದೆ. ಈ ಮಡಿಯಲ್ಲೂ ಮೊಗ್ಗು ಬಂದರೆ ಕಂಡಾಗಲೆಲ್ಲ ಚಿವುಟಿ, ಮೊಗ್ಗು ಹೊತ್ತ ಕುಡಿ ಬೇರು ಬಿಡಲು ಹಟ ಮಾಡುತ್ತದೆ.

ಉಳಿದ ಹೂಗಳು

ಕಾಕಡ ಈ ಕಾಲದ ಆಪದ್ಬಾಂಧವ. ದುಂಡು ಮಲ್ಲಿಗೆ ಇಲ್ಲದ ತಿಂಗಳುಗಳಲ್ಲಿ ಮುಡಿಗೂ ದೇವರಿಗೂ ಇದೇ ಗತಿ, ವಾಸನೆ ಇಲ್ಲದಿದ್ದರೂ ದರ ಇರುತ್ತದೆ. ಬಲಿತ ಮೊಗ್ಗನ್ನು ನಸುಕಿನಲ್ಲೇ ಬಿಡಿಸಬೇಕು. ಸಣ್ಣ ಮೊಗ್ಗಿಗೆ ಕೈಗವಸು ಹೊಂದುವುದಿಲ್ಲ, ಬೆರಳು ಮರಗಟ್ಟುತ್ತದೆ. ಸಾಲಿನ ಕೊನೆಯಲ್ಲಿ ಬಿಸಿನೀರಿನ ಪಾತ್ರೆ ಇಟ್ಟುಕೊಂಡರೆ ಕೆಲಸ ಸಾಗುತ್ತದೆ. ಹೆಡ್‌ಲೈಟ್, ಮೊಣಕಾಲುವರೆಗಿನ ಬೂಟು ಇಲ್ಲದೆ ಪೊದೆಯೊಳಗೆ ಕಾಲಿಡಬೇಡಿ, ಹಾವಿನ ಭಯ ಚಳಿಗಾಲಕ್ಕೂ ಇದೆ.

ಕನಕಾಂಬರ ಚಳಿಗೆ ಕುಗ್ಗುತ್ತದೆ, ತೆನೆ ಗಿಡ್ಡ, ಹೂವು ಕಡಿಮೆ. ಗೊಬ್ಬರ ಸುರಿದರೆ ಏಳುವುದಿಲ್ಲ, ಒಣ ತೆನೆ ಚಿವುಟಿ ಫೆಬ್ರವರಿವರೆಗೆ ಬಿಟ್ಟುಬಿಡಿ. ಗುಲಾಬಿಗೆ ಬೂದಿರೋಗದ ಕಾಟ: ಎಳೆ ಎಲೆ ಸುರುಟಿ ಮೇಲೆ ಬಿಳಿ ಪುಡಿ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಬೆಳಗಿನ ತಂಪಿನಲ್ಲಿ, ಎಲೆಯ ಎರಡೂ ಬದಿಗೆ. ಬೇವಿನ ಎಣ್ಣೆ ಹೊಡೆದು ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ. ಫೆಬ್ರವರಿ ಕೊನೆಗೆ ಮಧ್ಯಾಹ್ನದ ಬಿಸಿಲು 32 ಡಿಗ್ರಿ ದಾಟತೊಡಗಿದ ಮೇಲೆ ಗಂಧಕದ ಡಬ್ಬಿಯನ್ನು ಮುಂದಿನ ಚಳಿಗಾಲದವರೆಗೆ ಎತ್ತಿಡಿ.